ಮಧ್ಯ ಏಷ್ಯಾದ ಬಟ್ಟೆಗಳಿಗೆ ಮನೆಯಲ್ಲಿ ಜಾಗ ಹುಡುಕುವುದು

ಮಧ್ಯ ಏಷ್ಯಾದ ಕಸೂತಿ, ನೇಯ್ಗೆ, ಉಣ್ಣೆಯ ಹಾಸುಗಳಿಂದ ಮನೆಯನ್ನು ಅಲಂಕರಿಸಬೇಕೆನ್ನುವವರು ಮೊದಲು ನೋಡಬೇಕಾದದ್ದು ಗೋಡೆಯನ್ನಲ್ಲ, ಬಟ್ಟೆಯನ್ನು. ಅದು ತೂಗುಹಾಕಲೆಂದು ಹುಟ್ಟಿದ್ದೋ, ನೆಲಕ್ಕೆ ಹಾಸಲೆಂದೋ, ಮೈಮೇಲೆ ತೊಡಲೆಂದೋ ಎಂಬುದು ತಿಳಿದರೆ ಎಲ್ಲಿಡಬೇಕೆಂಬ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿದಂತೆ.

ಗೋಡೆಗೆ ಸುಜಾನಿ ಎಂಬ ಕಸೂತಿ ಬಟ್ಟೆಯಷ್ಟು ಒಪ್ಪುವುದು ಬೇರೊಂದಿಲ್ಲ. ಹೆಸರು ಬಂದದ್ದು ಸೂಜಿ ಎಂಬರ್ಥದ ಪರ್ಷಿಯನ್ ಪದದಿಂದ. ಇಂದಿನ ಉಜ್ಬೇಕಿಸ್ತಾನದ ಬುಖಾರಾ, ನೂರಾಟಾ, ಶಹರಿಸಬ್ಜ್ ಮುಂತಾದ ಊರುಗಳಲ್ಲಿ ಮದುಮಗಳ ಬಳುವಳಿಗೆಂದು ಇದನ್ನು ಸಿದ್ಧಪಡಿಸುತ್ತಿದ್ದರು. ಕಿರಿದಾದ ಹತ್ತಿಬಟ್ಟೆಯ ಪಟ್ಟಿಗಳನ್ನು ಸಡಿಲವಾಗಿ ಜೋಡಿಸಿ, ಮೇಲೆ ಚಿತ್ತಾರ ಬರೆಸಿ, ಮತ್ತೆ ಬಿಚ್ಚಿ, ಮನೆಯ ಹೆಂಗಸರು ಒಂದೊಂದು ಪಟ್ಟಿಯನ್ನು ಹಂಚಿಕೊಂಡು ಕಸೂತಿ ಹಾಕಿ, ಕೊನೆಗೆ ಎಲ್ಲವನ್ನೂ ಮತ್ತೆ ಸೇರಿಸಿ ಹೊಲಿಯುತ್ತಿದ್ದರು. ಹಾಗಾಗಿ ಹಳೆಯ ಸುಜಾನಿಯನ್ನು ಹತ್ತಿರದಿಂದ ನೋಡಿದರೆ, ಜೋಡಣೆಯ ಗೆರೆಯಲ್ಲಿ ಒಂದೇ ಹೂವಿನ ಎರಡು ಅರ್ಧಗಳು ಕೂದಲೆಳೆಯಷ್ಟು ತಪ್ಪಿ ಕೂತಿರುವುದೂ, ಎಡಗಡೆಯ ಕೆಂಪು ಬಲಗಡೆಯದಕ್ಕಿಂತ ತುಸು ಗಾಢವಾಗಿರುವುದೂ ಕಾಣುತ್ತದೆ. ಇದು ದೋಷವಲ್ಲ; ನನ್ನ ಮಟ್ಟಿಗೆ ಇಡೀ ಬಟ್ಟೆಯಲ್ಲಿ ನೋಡಬೇಕಾದ ಜಾಗವೇ ಅದು. ಆದ್ದರಿಂದ ಆ ಗೆರೆ ಕಣ್ಣಿನ ಮಟ್ಟಕ್ಕೆ ಬರುವಂತೆ, ಎದುರಿಗೆ ಎರಡು ಹೆಜ್ಜೆ ನಿಲ್ಲಲು ಜಾಗವಿರುವಂತೆ ತೂಗುಹಾಕಬೇಕು.

ಮೂಲೆಗಳಿಗೆ ಮೊಳೆ ಹೊಡೆಯುವುದು ಮಾತ್ರ ಬೇಡ, ಭಾರವೆಲ್ಲ ಆ ನಾಲ್ಕು ಚುಕ್ಕೆಗಳ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ಮೇಲಂಚಿನ ಉದ್ದಕ್ಕೂ ಹಿಂಬದಿಯಲ್ಲಿ ಹತ್ತಿಯ ಕೊಳವೆಯೊಂದನ್ನು ಕೈಹೊಲಿಗೆಯಿಂದ ಸೇರಿಸಿ, ಅದರೊಳಗೆ ಕೋಲು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಬಿಸಿಲು ಬೀಳುವ ಗೋಡೆ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ. ವಸ್ತುಸಂಗ್ರಹಾಲಯಗಳು ಇಂಥ ಬಟ್ಟೆಗಳ ಮೇಲೆ ಸಾಮಾನ್ಯವಾಗಿ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಗೊಡುವುದಿಲ್ಲ.

ಫರ್ಗಾನಾ ಕಣಿವೆಯ ಮರ್ಗಿಲಾನ್‌ನಲ್ಲಿ ನೇಯುವ ಇಕತ್, ಅಂದರೆ ನೇಯುವ ಮೊದಲೇ ನೂಲಿಗೆ ಚಿತ್ತಾರದ ಬಣ್ಣ ಕಟ್ಟಿದ ಬಟ್ಟೆಗಳ ಮಾತು ಬೇರೆ. ಅದ್ರಸ್ ಎಂಬ ಬಗೆಯಲ್ಲಿ ಹಾಸು (ಉದ್ದದ ಎಳೆ) ರೇಷ್ಮೆ, ಹೊಕ್ಕು (ಅಡ್ಡ ಎಳೆ) ಹತ್ತಿ. ಅತ್ಲಾಸ್ ಎಂಬ ಇನ್ನೊಂದು ಬಗೆ ಪೂರ್ತಿ ರೇಷ್ಮೆ. ಇವು ಮೂಲತಃ ಉಡುಪಿನ ಬಟ್ಟೆಗಳಾದ್ದರಿಂದ ಪನ್ನ ಕಿರಿದು, ಸಾಂಪ್ರದಾಯಿಕವಾಗಿ ಸುಮಾರು 40 ಸೆಂಟಿಮೀಟರ್. ಹೊಸ ಬಟ್ಟೆಯಾದರೆ ದಿಂಬಿನ ಹೊದಿಕೆಗೆ ಈ ಅಳತೆ ಹೇಳಿ ಮಾಡಿಸಿದಂತಿದೆ. ಆದರೆ ಹಳೆಯ ಅದ್ರಸ್‌ನ ಹೊಳಪು ಮೊಟ್ಟೆಯ ಬಿಳಿಭಾಗ ಹಚ್ಚಿ ಮರದ ಸುತ್ತಿಗೆಯಿಂದ ಬಡಿದು ಬರಿಸಿದ್ದು, ನೀರು ತಾಗಿದಲ್ಲಿ ಅದು ಮಾಸುತ್ತದೆ. ಅಂಥದ್ದನ್ನು ಊಟದ ಮೇಜಿನ ಮೇಲೆ ಹಾಸುವುದು ಸಲ್ಲದು.

ನೆಲಕ್ಕೆ ಕಿರ್ಗಿಜ್ ಜನರ ಶಿರ್ದಾಕ್ ಎಂಬ ಹಾಸು ಇದೆ. ಎರಡು ಬಣ್ಣದ ಫೆಲ್ಟ್‌ಗಳನ್ನು (ನೇಯದೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಹೊಲಿಯುವುದರಿಂದ ಇದರಲ್ಲಿ ಚಿತ್ತಾರ ಯಾವುದು, ಹಿನ್ನೆಲೆ ಯಾವುದು ಎಂದು ಹೇಳಲಾಗದು. ಯುನೆಸ್ಕೊ ಈ ಕಲೆಯನ್ನು 2012ರಲ್ಲಿ ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಇಷ್ಟು ಗಟ್ಟಿಯಾದ ವಿನ್ಯಾಸದ ಸುತ್ತ ಬೇರೆ ಚಿತ್ತಾರ ಬೇಡ. ಬರಿ ನೆಲ, ಸಾದಾ ಗೋಡೆ ಸಾಕು. ಉಣ್ಣೆಯ ಹುಳುವಿಗೆ ಕತ್ತಲು, ನಿಶ್ಚಲತೆ ಇಷ್ಟವಾದ್ದರಿಂದ, ಮಂಚದ ಕೆಳಗೆ ಸೇರಿದ ಭಾಗವನ್ನು ಆಗಾಗ ಎತ್ತಿ ಎರಡೂ ಬದಿ ಗುಡಿಸುತ್ತಿರಬೇಕು.

ಡೇರೆಯ ಒಳಗೋಡೆಯ ಸುತ್ತ ಕಟ್ಟುತ್ತಿದ್ದ ತುರ್ಕ್‌ಮೆನ್ ಜನರ ನೇಯ್ದ ಪಟ್ಟಿ ನಿಮ್ಮ ಕೈಗೆ ಸಿಕ್ಕರೆ ಅದೃಷ್ಟ. ಅಗಲ ಒಂದು ಮೊಳಕ್ಕಿಂತ ಕಡಿಮೆ, ಉದ್ದ ಹತ್ತು ಮೀಟರ್ ದಾಟುವುದುಂಟು. ಅದನ್ನು ಚೌಕಟ್ಟಿನಲ್ಲಿ ಕೂಡಿಸುವ ಬದಲು, ಸೂರಿನ ತುಸು ಕೆಳಗೆ, ಮೂಲೆ ದಾಟಿ ಮುಂದಿನ ಗೋಡೆಗೂ ಹರಿಯುವಂತೆ ಕಟ್ಟಿ. ಉದ್ದ ಮಿಕ್ಕರೆ ಕತ್ತರಿ ಹಾಕಬೇಡಿ. ಮಿಕ್ಕದ್ದನ್ನು ಸುರುಳಿ ಸುತ್ತಿ ಕೊನೆಯ ಮೂಲೆಯ ಕಪಾಟಿನ ಮೇಲಿಟ್ಟರಾಯಿತು.