ಹಿಸ್ಟಮಿನ್ ಪಥ್ಯಕ್ಕ ಕಳ್ಳಿ ಪಲ್ಯ: ನನ್ನ ಅನುಭವ

ಹಿಸ್ಟಮಿನ್ (ಅಲರ್ಜಿಯಾದಾಗ ಮೈ ಕಡತ ಎಬ್ಬಿಸೋ ರಾಸಾಯನಿಕ, ಕೆಲವು ಊಟದಾಗೂ ಇರ್ತದ) ಕಮ್ಮಿ ಇರೋ ಊಟ ಮಾಡ್ರಿ ಅಂತ ಡಾಕ್ಟರ್ ಹೇಳಿದ್ಮ್ಯಾಲೆ ಟೊಮ್ಯಾಟೋ ಹೋತು, ಬದ್ನಿಕಾಯಿ ಹೋತು, ಪಾಲಕ್, ಮೊಸರು, ಉಪ್ಪಿನಕಾಯಿ, ಕಡೀಕ್ ಶೇಂಗಾ ಚಟ್ನಿನೂ ಹೋತು (ವಿಜಯಪುರದವ್ರಿಗೆ ಇದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ). ಉಳಿದ ಕಾಯಿಪಲ್ಯನೇ ತಿಂದು ತಿಂದು ಬ್ಯಾಸರಾಗಿ ಪಾಪಸ್ ಕಳ್ಳಿ ಹಿಡದೆ. ಮೆಕ್ಸಿಕೋದಾಗ ಇದನ್ನ ನೋಪಾಲ್ ಅಂತಾರ, ಅಲ್ಲಿ ದಿನದ ಕಾಯಿಪಲ್ಯನೇ ಅದು. ಪುಣೆ ಕಡೆ ಮುಳ್ಳಿಲ್ಲದ ತಳಿ ದನದ ಮೇವಿಗಂತ ಹಾಕ್ತಾರ, ಉರುಳಿಕಾಂಚನದ ಬೈಫ್ ಸಂಸ್ಥೆ ಅದರ ಮ್ಯಾಲೆ ಕೆಲ್ಸ ಮಾಡೇದ. ನಾನು ಗುರುತಿನ ರೈತರ ಹೊಲದಿಂದ ತರ್ತೀನಿ. ಆಕಳಿಗೇನ್ರಿ ಅಂತ ಕೇಳ್ತಾರ, ಹೂಂ ಅಂತೀನಿ.

ಮುರದ್ರ ಹಾಲು ಸುರಿಯೋ ಕಳ್ಳಿ ಬ್ಯಾರೆ ಜಾತಿ, ವಿಷ, ಅದನ್ನ ಮುಟ್ಟಬ್ಯಾಡ್ರಿ.

ಅಂಗೈ ಅಗಲದ ಎಳೇ ಹಾಳಿ (ಕಳ್ಳಿಯ ಚಪ್ಪಟೆ ದಂಟು) ಬೇಕು, ಅದೂ ಮಧ್ಯಾಹ್ನದ ಮ್ಯಾಲೆ ಕೊಯ್ದದ್ದು, ಯಾಕಂದ್ರ ಈ ಗಿಡ ರಾತ್ರಿ ಗಾಳಿ ಎಳ್ಕೊಂಡು ಮ್ಯಾಲಿಕ್ ಆಸಿಡ್ ಮಾಡಿ ಕೂಡಿಟ್ಟಿರ್ತದ, ಬಿಸಿಲೇರಿದಂಗ ಅದು ಖರ್ಚಾಗ್ತದ, ಮುಂಜಾನೆ ಕೊಯ್ದದ್ದು ಹುಳಿ ಹೊಡೀತದ. ಮುಳ್ಳಿಲ್ಲದ ತಳಿ ಅಂದ್ರೂ ಹಾಳಿ ಮ್ಯಾಲಿನ ಕಣ್ಣಿನಂಥ ಚುಕ್ಕಿಯೊಳಗ ಕೂದಲಿನಂಥ ಸಣ್ಣ ಮುಳ್ಳು ಇದ್ದೇ ಇರ್ತಾವ, ಇಕ್ಕಳದಾಗ ಹಿಡ್ದು ಗ್ಯಾಸಿನ ಉರಿಗೆ ತೋರ್ಸಿ, ಚಾಕುಲೆ ಕೆರ್ದು, ಅಂಚು ಕೊಯ್ದು ಒಗೀತೀನಿ.

ಲೋಳಿ ಥೇಟ್ ಬೆಂಡಿಕಾಯಿದೇ. ಹುಣಸಿಹುಳಿ ಹಾಕು, ಲಿಂಬಿ ಹಿಂಡು ಅಂತ ಎಲ್ಲಾರೂ ಹೇಳ್ತಾರ, ಮೆಕ್ಸಿಕೋದವ್ರೂ ಟೊಮ್ಯಾಟೋ ಲಿಂಬಿ ಜೋಡಿನೇ ತಿಂತಾರ, ಅವೇ ನಮ್ಮ ಪಥ್ಯಕ್ಕ ಕೂಡೂದಿಲ್ಲ. ಅದಕ್ಕ ಕಬ್ಬಿಣದ ಹಂಚು, ಜೋರ್ ಉರಿ, ಮುಚ್ಚಳ ಬ್ಯಾಡ, ಲೋಳಿ ಬತ್ತೋತನಕ ಕೈ ಆಡಿಸ್ತಾ ಇರ್ಬೇಕು, ಉಪ್ಪು ಕಡೀಕ್ ಹಾಕ್ಬೇಕು, ಮೊದ್ಲೇ ಹಾಕಿದ್ರ ನೀರು ಬಿಡ್ತದ. ಬಳ್ಳೊಳ್ಳಿ, ಜೀರಿಗಿ, ಅರಿಶಿಣ, ಹಸಿ ಕೊಬ್ರಿ ತುರಿ, ಕೊತ್ತಂಬ್ರಿ, ಬಿಸಿ ಜ್ವಾಳದ ರೊಟ್ಟಿ. ಸಪ್ಪಗ ಇರ್ತದ, ಸುಳ್ಳ್ಯಾಕ ಹೇಳ್ಲಿ, ಆದ್ರ ಕೊಬ್ರಿ ಕೈ ಬಿಡೂದಿಲ್ಲ.

ಒಂದೇ ಹೊತ್ತಿಗೆ ಆಗೋವಷ್ಟೇ ಮಾಡ್ತೀನಿ. ಇಟ್ಟ ಅಡಿಗಿಯೊಳಗ ಬ್ಯಾಕ್ಟೀರಿಯಾ ಸೇರಿ ಹಿಸ್ಟಮಿನ್ ಹುಟ್ಟಸ್ತಾವ, ಒಮ್ಮೆ ಹುಟ್ಟಿತಂದ್ರ ಎಷ್ಟು ಕುದಿಸಿದ್ರೂ ಹೋಗೂದಿಲ್ಲ. ವಿನೆಗರ್ ಹಾಕಿದ ಬಾಟಲಿ ಕಳ್ಳಿನೂ ನಮಗಲ್ಲ.

ಕಳ್ಳಿ ತಿಂದ್ರ ಹಿಸ್ಟಮಿನ್ ಇಳೀತದ ಅಂತ ನಾ ಹೇಳ್ತಿಲ್ಲ, ಚೂರೇ ಚೂರು ತಿಂದು ನೋಡ್ದೆ, ನನಗ ಮೈ ಕಡತ ಏಳಲಿಲ್ಲ, ಅದಕ್ಕ ತಿಂತೀನಿ. ಇದ್ರಾಗ ಆಕ್ಸಲೇಟ್ (ಕಿಡ್ನಿ ಕಲ್ಲಿಗೆ ಕಾರಣ ಆಗೋ ಪದಾರ್ಥ) ಅದ, ಕಿಡ್ನಿ ಕಲ್ಲಿನ ತ್ರಾಸಿದ್ದವ್ರು ಡಾಕ್ಟರ್ ಕೇಳಿನೇ ತಿನ್ರಿ. ಶುಗರ್ ಗುಳಗಿ ತಗೊಳ್ಳೋರೂ ಅಷ್ಟೇ, ಊಟ ಆದ್ಮ್ಯಾಲಿನ ಶುಗರ್ ಇದು ಇಳಸ್ಬಹುದು.