ಲಡಾಖ್‌ಗೆ ಬೈಕ್‌ನಲ್ಲಿ ಹೊರಟಿದ್ದೀರಾ? ನಿಧಾನವಾಗಿ ಮೇಲೇರಿ

ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44 ಉತ್ತರಕ್ಕೆ ಹೋಗಿ ಮುಟ್ಟುವುದು ಶ್ರೀನಗರವನ್ನು. ಸುಮಾರು 3,000 ಕಿ.ಮೀ. ದೂರ. ಲಡಾಖ್‌ಗೆ ಹೀಗೆ ಶ್ರೀನಗರದ ಮೂಲಕ ನೇರ ದಾರಿ ಇದ್ದರೂ ನಮ್ಮ ಹುಡುಗರು ಲಡಾಖ್ ಅಂದ ಕೂಡಲೇ ಮನಾಲಿ ಅನ್ನುತ್ತಾರೆ. ದಿಲ್ಲಿ ದಾಟಿ ಮನಾಲಿಗೆ ಹೋಗಿ, ಮರುದಿನವೇ ಲೇಹ್ ದಾರಿಯ ಸರ್ಚುವಿನ ಟೆಂಟ್‌ನಲ್ಲಿ ತಲೆ ಹಿಡಿದುಕೊಂಡು ಮಲಗುತ್ತಾರೆ. ಬೈಕಿಗೆ ಸಾವಿರಾರು ರೂಪಾಯಿ ಸುರಿದವರು ಎತ್ತರಕ್ಕೆ ಒಗ್ಗಲು ತಮ್ಮ ದೇಹಕ್ಕೆ ಎರಡು ದಿನ ಕೊಡುವುದಿಲ್ಲ. ಹೀಗೆ ಅರ್ಧ ದಾರಿಯಿಂದ ವಾಪಸ್ ಬಂದವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

1. ಕಾಲ: ಆಗಸ್ಟ್ ಕೊನೆಗೆ ಹೊರಡಿ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಳೆ ಕಾಟ ಕಡಿಮೆ. ಮೇ ತಿಂಗಳಲ್ಲಿ ಹೊರಟರೆ ನಾಗಪುರದ ಬಿಸಿಲೇ ನಿಮ್ಮನ್ನು ಹುರಿದುಬಿಡುತ್ತದೆ.

2. ಬೈಕ್: ದೊಡ್ಡ ಬೈಕೇ ಬೇಕು ಎಂಬುದು ಸುಳ್ಳು. 150 ಸಿಸಿ ಸಾಕು. ಟೈರ್, ಚೈನ್, ಬ್ರೇಕ್ ಪ್ಯಾಡ್ ಹೊಸದಾಗಿರಲಿ. ಒಂದು ಕ್ಲಚ್ ಕೇಬಲ್, ಟ್ಯೂಬ್, ಪಂಕ್ಚರ್ ಕಿಟ್ ಜೊತೆಗಿರಲಿ.

3. ಲಗೇಜ್: ಅರ್ಧ ಬಿಟ್ಟುಹೋಗಿ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಬೇಡವೇ ಬೇಡ, ಬಿಚ್ಚಿಕೊಂಡರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಬಕಲ್ ಇರುವ ಪಟ್ಟಿ ಕೊಳ್ಳಿ. ಬ್ಯಾಗಿನ ಜೊತೆ ಬರುವ ಮಳೆ ಕವರ್ ಹೆದ್ದಾರಿ ಗಾಳಿಗೆ ನಿಲ್ಲುವುದಿಲ್ಲ. ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಗಿಡಿ, ಅಷ್ಟೇ. ಒಂದು ಕೆ.ಜಿ. ರಾಗಿ ಹುರಿಹಿಟ್ಟು, ಸ್ವಲ್ಪ ಬೆಲ್ಲ ಮರೆಯಬೇಡಿ. ಊಟ ಸೇರದ ಎತ್ತರದಲ್ಲಿ ಬಿಸಿನೀರಿಗೆ ಕಲಸಿ ಕುಡಿದರೆ ಹೊಟ್ಟೆ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ.

4. ಶ್ರೀನಗರದವರೆಗೆ: ಬಾಗೇಪಲ್ಲಿ, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ದಿಲ್ಲಿ, ಜಮ್ಮು. ದಿನಕ್ಕೆ 500 ಕಿ.ಮೀ. ದಾಟಬೇಡಿ, ಕತ್ತಲಾದ ಮೇಲೆ ಓಡಿಸಬೇಡಿ. 500 ಕಿ.ಮೀ.ಗೊಮ್ಮೆ ಚೈನಿಗೆ ಎಣ್ಣೆ ಬಿಡಿ. ರಜೆ ಕಡಿಮೆ ಇದ್ದರೆ ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಜಮ್ಮುವಿಗೆ ಕಳಿಸಿ ಅಲ್ಲಿಂದ ಶುರು ಮಾಡಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಇಲ್ಲಿ ಉಳಿಸಿದ ದಿನಗಳನ್ನು ಮುಂದಿನ ಹಂತಕ್ಕೆ ಕೊಡಿ.

5. ಮೇಲೇರುವುದು: ಎಲ್ಲರೂ ಎಡವುವುದು ಇಲ್ಲೇ.

ನಾವು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಭಾನುವಾರ ಬೆಳಿಗ್ಗೆ ನಾವು ಹತ್ತುವ ನಂದಿ ಬೆಟ್ಟವೇ 1,478 ಮೀಟರ್. ಲಡಾಖ್‌ನ ಲೇಹ್ ಪಟ್ಟಣ 3,500 ಮೀಟರ್. ಖಾರ್ದುಂಗ್ ಲಾ (ಲಾ ಎಂದರೆ ಬೆಟ್ಟ ದಾಟುವ ಘಾಟಿ) 5,359 ಮೀಟರ್, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟೇ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಜಿಮ್‌ಗೆ ಹೋಗುವ ಗಟ್ಟಿ ಹುಡುಗರೂ ಮಲಗಿಬಿಡುತ್ತಾರೆ, ಏಕೆಂದರೆ ದೇಹದಾರ್ಢ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಗಮನಿಸಬೇಕಾದದ್ದು ಹಗಲು ಎಷ್ಟು ಎತ್ತರ ಹತ್ತಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದನ್ನು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಎಂದು ವೈದ್ಯರು ಹೇಳುತ್ತಾರೆ. ಈಗ ಎರಡು ದಾರಿಗಳನ್ನು ನೋಡಿ. ಮನಾಲಿ ಸುಮಾರು 2,000 ಮೀಟರ್, ಸರ್ಚು ಸುಮಾರು 4,300. ಒಂದೇ ದಿನಕ್ಕೆ 2,300 ಮೀಟರ್ ಮೇಲೆ! ಶ್ರೀನಗರದ ಕಡೆಯಿಂದ ಹೋದರೆ 3,528 ಮೀಟರ್‌ನ ಝೋಜಿ ಲಾ ಹತ್ತಿದರೂ ರಾತ್ರಿ ಮಲಗುವುದು ಕಾರ್ಗಿಲ್‌ನಲ್ಲಿ, ಸುಮಾರು 2,700 ಮೀಟರ್‌ನಲ್ಲಿ. ಅಲ್ಲಿ ಎರಡು ರಾತ್ರಿ ಇರಿ. ಮರುದಿನ ಫೋಟು ಲಾ ದಾಟಿ ಲೇಹ್.

ಲೇಹ್‌ನಲ್ಲಿ ಎರಡು ದಿನ ಬೈಕ್ ಕೀ ಮುಟ್ಟಬೇಡಿ. ಸುಮ್ನೆ ಬಜಾರಿನಲ್ಲಿ ನಡೆದಾಡಿ, ನೀರು ಕುಡಿಯಿರಿ. ಮದ್ಯ, ನಿದ್ರೆ ಮಾತ್ರೆ ಎರಡೂ ಬೇಡ. ಆಮೇಲೆ ಮೊದಲು ನುಬ್ರಾ ಕಣಿವೆ, ನಂತರ ಪ್ಯಾಂಗಾಂಗ್ ಸರೋವರ. ಈ ಕ್ರಮ ತಿರುಗಿಸಬೇಡಿ. ನುಬ್ರಾಕ್ಕೆ ಹೋಗುವಾಗ ಖಾರ್ದುಂಗ್ ಲಾ ಹತ್ತಿದರೂ ಮಲಗುವುದು ಸುಮಾರು 3,100 ಮೀಟರ್‌ನಲ್ಲಿ. ಪ್ಯಾಂಗಾಂಗ್ ದಡ 4,200ಕ್ಕೂ ಮೇಲೆ. ಖಾರ್ದುಂಗ್ ಲಾದಲ್ಲಿ ಫೋಟೊ ತೆಗೆದು ಹದಿನೈದು ನಿಮಿಷದಲ್ಲಿ ಇಳಿಯಿರಿ.

ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಸೂಚನೆ. ಹಾಗಾದರೆ ಇದ್ದಲ್ಲೇ ಇರಿ, ಮೇಲೆ ಹೋಗಬೇಡಿ. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಕೆಳಗೆ ಇಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗಾದವರು ಬೈಕ್ ಓಡಿಸಬಾರದು, ಕಾರು ಹಿಡಿಯಿರಿ. ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಯವರಿಗೆ ಎತ್ತರದಿಂದ ಬರುವ ಈ ಕಾಯಿಲೆ ಚೆನ್ನಾಗಿ ಗೊತ್ತು.

ಕರ್ಪೂರ ಮೂಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ, ಅದರಿಂದ ಆಮ್ಲಜನಕ ಹೆಚ್ಚುವುದಿಲ್ಲ. ಅಂಗಡಿಗಳಲ್ಲಿ ಮಾರುವ ಪುಟ್ಟ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ. ಆ ದುಡ್ಡಿಗೆ ಕಾರ್ಗಿಲ್‌ನಲ್ಲಿ ಇನ್ನೊಂದು ರಾತ್ರಿ ಇರಿ. ಡಯಾಮಾಕ್ಸ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಹೊರಡುವ ಮೊದಲೇ ಊರಿನ ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೇ ಹೇಳಿ.

6. ಇಳಿಯುವುದು: ಈಗ ಮನಾಲಿ ದಾರಿ ಹಿಡಿಯಿರಿ. ದೇಹ ಒಗ್ಗಿರುವುದರಿಂದ ಸರ್ಚು ಈಗ ಅಷ್ಟು ಕಾಡುವುದಿಲ್ಲ. ಲೇಹ್ ದಾಟಿದ ಮೇಲೆ ಸಿಗುವ ಕಾರು ಎಂಬ ಊರಿನಲ್ಲಿ ಟ್ಯಾಂಕ್ ತುಂಬಿಸಿ, ಜೊತೆಗೆ ಐದು ಲೀಟರ್ ಕ್ಯಾನ್ ಇರಲಿ. ಮುಂದಿನ ಬಂಕ್ ತಾಂಡಿಯಲ್ಲೇ ಎಂದುಕೊಂಡು ಹೊರಡಿ. ಹಿಮ ಕರಗಿ ರಸ್ತೆಗೆ ಹರಿಯುವ ಹಳ್ಳಗಳನ್ನು ಬೆಳಿಗ್ಗೆಯೇ ದಾಟಿ, ಬಿಸಿಲೇರಿದಂತೆ ನೀರೂ ಏರುತ್ತದೆ. ಫಸ್ಟ್ ಗೇರ್, ಒಂದೇ ಸಮ ಆಕ್ಸಿಲರೇಟರ್, ಕಣ್ಣು ಆಚೆ ದಡದ ಮೇಲೆ. ಮೊಣಕಾಲಿನವರೆಗಿನ ರಬ್ಬರ್ ಗಂಬೂಟು ಹಾಕಿಕೊಳ್ಳಿ. ದುಬಾರಿ ವಾಟರ್‌ಪ್ರೂಫ್ ಶೂಗೂ ಮೇಲಿನಿಂದ ನೀರು ನುಗ್ಗುತ್ತದೆ ಅಲ್ವಾ?

2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿದರೆ ಮನಾಲಿ. ಅಲ್ಲಿ ಒಂದು ದಿನ ನಿಂತು ಬ್ರೇಕ್ ಪ್ಯಾಡ್, ವೀಲ್ ಬೇರಿಂಗ್, ಏರ್ ಫಿಲ್ಟರ್ ನೋಡಿಸಿ. ನೀರು, ಧೂಳು ಎರಡೂ ತಿಂದ ಬೈಕ್ ಅದು, ಚಿಕ್ಕಬಳ್ಳಾಪುರದವರೆಗೆ ಇನ್ನೂ ಓಡಬೇಕು.