ದಪ್ಪ ಬ್ಯಾಂಡ್ ಬಂತು, ಹೆಪ್ಪು ಮಾತ್ರ ಕರಗಲಿಲ್ಲ

ಮೇ ತಿಂಗಳ ಕಲಬುರಗಿ. ಹೊರಗೆ 43 ಡಿಗ್ರಿ. ರಕ್ತದ ಹೆಪ್ಪು ಕರಗಿಸುವ ಕಿಣ್ವವೊಂದನ್ನು ಬ್ಯಾಕ್ಟೀರಿಯಾದ ಕೈಲಿ ಮಾಡಿಸುತ್ತಿದ್ದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್ ಮೇಲೆ ನಮ್ಮ ಕಿಣ್ವದ ಬ್ಯಾಂಡ್ (ಪಟ್ಟಿ) ಎಷ್ಟು ದಪ್ಪಗೆ ಬಂದಿತ್ತೆಂದರೆ, ಖುಷಿಗೆ ಲ್ಯಾಬಿನವರಿಗೆಲ್ಲ ಕಬ್ಬಿನ ಹಾಲು ಕುಡಿಸಿದೆ. ಮರುದಿನ ಅದೇ ಬ್ಯಾಚಿನ ಕುದಿಸದ ಸ್ಯಾಂಪಲ್ಲನ್ನು, ಹೆಪ್ಪಿನ ಎಳೆಗಳಾದ ಫೈಬ್ರಿನ್ ತುಂಬಿದ ಪ್ಲೇಟಿಗೆ ಹಾಕಿದೆ. 18 ಗಂಟೆ ಬಿಟ್ಟು ನೋಡಿದರೂ ಪ್ಲೇಟು ಬೆಳ್ಳಗೇ ಇತ್ತು. ಒಂದು ಚುಕ್ಕೆಯಷ್ಟೂ ಕರಗಿರಲಿಲ್ಲ.

ನಾನು ಮಾಡಲು ಹೊರಟಿದ್ದು ನಾಟೊಕೈನೇಸ್. ಜಪಾನಿನವರು ತಿನ್ನುವ ಹುಳಿಸಿದ ಸೋಯಾ, ಅಂದರೆ ನಾಟೊದಲ್ಲಿ, ಹಿರೋಯುಕಿ ಸುಮಿ ತಂಡ 1987ರಲ್ಲಿ ವರದಿ ಮಾಡಿದ ಕಿಣ್ವ ಇದು. ಹೃದಯಾಘಾತಕ್ಕೆ ಕೊಡುವ ಸ್ಟ್ರೆಪ್ಟೊಕೈನೇಸ್ ಕೂಡ ಬ್ಯಾಕ್ಟೀರಿಯಾದ್ದೇ, ಆದರೆ ಅದು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ನಮ್ಮ ರಕ್ತದಲ್ಲೇ ನಿದ್ದೆಯಲ್ಲಿರುವ, ಎದ್ದರೆ ಹೆಪ್ಪು ಕರಗಿಸುವ ಪ್ಲಾಸ್ಮಿನೋಜನ್ನಿಗೆ ಅಂಟಿಕೊಂಡು, ಅದನ್ನು ಎಬ್ಬಿಸಿ ಕೆಲಸ ಮಾಡಿಸುತ್ತದೆ. ನಾಟೊಕೈನೇಸ್ ಹಾಗಲ್ಲ, ಹೆಪ್ಪಿನ ಫೈಬ್ರಿನ್ ಎಳೆಗಳನ್ನು ತಾನೇ ಕಡಿಯುತ್ತದೆ.

ಸೋಯಾ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಬೀದರ್ ಕಡೆ ಬೇಕಾದಷ್ಟು ಬೆಳೆಯುತ್ತಾರೆ. ಭಾಲ್ಕಿಯ ಗೆಳತಿ ಒಂದು ಚೀಲ ಕಳಿಸಿದಳು. ಬೇಯಿಸಿ, ಭತ್ತದ ಹುಲ್ಲು ಮುಚ್ಚಿ, ಬೆಚ್ಚಗೆ ಎರಡು ದಿನ ಇಟ್ಟೆ. ಅಟೆಂಡರ್ ಮೂಗು ಮುಚ್ಚಿಕೊಂಡು ಬಂದರು. "ಮೇಡಂ, ಇದು ಹಳಸ್ಯಾದ್ರಿ, ಚೆಲ್ಲಿ ಬಿಡ್ಲೇನು?" ಚೆಲ್ಲಬೇಡಿ ಅಂದೆ. ಅದರ ಲೋಳೆಯನ್ನು ನೀರಿಗೆ ಹಾಕಿ 80 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿದರೆ ಬೇರೆಯವೆಲ್ಲ ಸಾಯುತ್ತವೆ, ನಾಟೊ ಹುಳಿಸುವ ಬ್ಯಾಕ್ಟೀರಿಯಾ ಆದ ಬ್ಯಾಸಿಲಸ್‌ನ ಬೀಜಕಣ ಉಳಿಯುತ್ತವೆ. ಕೆನೆ ತೆಗೆದ ಹಾಲಿನ ಅಗರ್ ಮೇಲೆ ಯಾವ ಕಾಲೋನಿಯ ಸುತ್ತ ತಿಳಿ ವೃತ್ತ ದೊಡ್ಡದೋ ಅದನ್ನೇ ಆರಿಸಿಕೊಂಡೆ.

ಅದರ ಜೀನ್ ಹಿಡಿಯುವುದು, ಪ್ಲಾಸ್ಮಿಡ್ಡಿಗೆ (ಪುಟ್ಟ ಡಿಎನ್ಎ ಉಂಗುರಕ್ಕೆ) ಸೇರಿಸುವುದು, ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಹೊಗಿಸುವುದು ಎಲ್ಲರೂ ಮಾಡುವ ಹಾಗೇ ಆಯಿತು. ಡಿಎನ್ಎ ತುಂಡುಗಳನ್ನು ಬೆಸೆಯುವ ಲೈಗೇಸ್ ಇದ್ದ ಪಾರ್ಸೆಲ್ ಬಂದಾಗ ಡಬ್ಬಿಯಲ್ಲಿ ಐಸ್ ಬದಲು ಬೆಚ್ಚಗಿನ ನೀರಿತ್ತು, ಅದಕ್ಕೆ ಮೂರು ವಾರ ಹೋಯಿತು ಅಷ್ಟೇ.

ನಿಜವಾದ ತಪ್ಪು ಪ್ರೈಮರ್ (ಜೀನಿನ ಯಾವ ಭಾಗ ನಕಲಾಗಬೇಕೆಂದು ಗುರುತಿಸುವ ಡಿಎನ್ಎ ತುಣುಕು) ಬರೆಯುವಾಗಲೇ ಆಗಿತ್ತು. ಬ್ಯಾಸಿಲಸ್ ಈ ಕಿಣ್ವವನ್ನು 381 ಅಮೈನೊ ಆಮ್ಲಗಳ ಉದ್ದದ ಸರವಾಗಿ ಮಾಡುತ್ತದೆ. ಮೊದಲ 29 ಜೀವಕೋಶದಿಂದ ಹೊರಗೆ ಹೋಗುವ ದಾರಿಗೆ. ನಂತರದ 77 ಪ್ರೊಪೆಪ್ಟೈಡ್. ಉಳಿದ 275 ಕೆಲಸ ಮಾಡುವ ಕಿಣ್ವ. ಹೇಗೂ ಕೊನೆಗೆ ಕಳಚಿ ಬೀಳುವ 77 ಯಾಕೆ ಬೇಕು ಅಂತ ನಾನು ಬರೀ 275ರ ಭಾಗವನ್ನು ಕ್ಲೋನ್ ಮಾಡಿದ್ದೆ. ಜಾಣತನ ಅಂದುಕೊಂಡಿದ್ದೆ! ಆದರೆ ಕಿಣ್ವ ಸರಿಯಾಗಿ ಮಡಚಿಕೊಳ್ಳಲು ಆ 77 ಅಚ್ಚಿನಂತೆ ಬೇಕು. ಮಡಚಿ ಮುಗಿದ ಮೇಲೆ ಕಿಣ್ವ ತಾನೇ ಅದನ್ನು ಕತ್ತರಿಸಿ ಹಾಕುತ್ತದೆ. ಅಚ್ಚಿಲ್ಲದ ಪ್ರೋಟೀನು ಜೀವಕೋಶದೊಳಗೆ ಗಂಟು ಗಂಟಾಗಿ ಕೂತಿತ್ತು. ಜೀವಕೋಶ ಒಡೆದು, ಸೆಂಟ್ರಿಫ್ಯೂಜ್ ಮಾಡಿ, ತಿಳಿ ಬೇರೆ ಗಸಿ ಬೇರೆ ಓಡಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನಾನು ಇಡೀ ಜೀವಕೋಶವನ್ನೇ ಕುದಿಸಿ ಜೆಲ್ಲಿಗೆ ಹಾಕಿದ್ದೆ. ದಪ್ಪ ಬ್ಯಾಂಡ್ ಇದ್ದದ್ದೆಲ್ಲ ಗಸಿಯಲ್ಲಿ.

ಎರಡನೇ ಸಲ 77ನ್ನೂ ಸೇರಿಸಿದೆ. ಕಿಣ್ವವನ್ನು ಹಿಡಿದು ಶುದ್ಧ ಮಾಡಲು ಬೇಕಾದ ಹಿಸ್ಟಿಡಿನ್ ಟ್ಯಾಗನ್ನು ಬಾಲದ ಕಡೆಗೆ ಹಾಕಿದೆ. ತಲೆಯ ಕಡೆ ಹಾಕಿದ್ದರೆ ಪ್ರೊಪೆಪ್ಟೈಡ್ ಜೊತೆ ಟ್ಯಾಗೂ ಹೋಗುತ್ತಿತ್ತು, ನಿಕಲ್ ಕಾಲಂ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

ಇನ್ನು ಬಿಸಿಲು. ಪ್ರೋಟೀನು ನಿಧಾನಕ್ಕೆ ತಯಾರಾದರೆ ಮಡಚಲು ಪುರುಸೊತ್ತು ಸಿಗುತ್ತದೆ, ಅದಕ್ಕೆ 20 ಡಿಗ್ರಿ ಬೇಕು. ಬ್ಯಾಕ್ಟೀರಿಯಾವನ್ನು ಅಲುಗಾಡಿಸಿ ಬೆಳೆಸುವ ನಮ್ಮ ಶೇಕರ್ ಬಿಸಿ ಮಾಡುತ್ತದೆ, ತಣ್ಣಗೆ ಮಾಡುವುದಿಲ್ಲ. ಕೋಣೆಯೇ 38 ಡಿಗ್ರಿ ಇರುವಾಗ ಡಿಸ್‌ಪ್ಲೇನಲ್ಲಿ 20 ಒತ್ತಿದರೆ ಏನು ಬಂತು? ಎಸಿ ಇದ್ದ ಒಂದೇ ಕೋಣೆ ಮೈಕ್ರೋಸ್ಕೋಪಿನದು. ಶೇಕರನ್ನು ನಾಲ್ಕು ಜನ ಹೊತ್ತು ಅಲ್ಲಿಗೆ ಸಾಗಿಸಿದೆವು. ಬ್ಯಾಕ್ಟೀರಿಯಾದ ಬೆಳೆ 0.6 ಓಡಿ (ದ್ರವ ಎಷ್ಟು ಮಬ್ಬಾಗಿದೆ ಎನ್ನುವ ಅಳತೆ) ಮುಟ್ಟಿದಾಗ, ಜೀನನ್ನು ಚಾಲೂ ಮಾಡುವ ಐಪಿಟಿಜಿಯನ್ನು 1ರ ಬದಲು 0.1 ಮಿಲಿಮೋಲಾರ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬ್ಯಾಂಡ್ ಸಣ್ಣದಾಯಿತು. ಆದರೆ ಈಗ ಅದು 28 ಕಿಲೊಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ, ತಿಳಿಯಲ್ಲೇ ಇತ್ತು.

ಆದರೂ ಪ್ಲೇಟು ಕರಗಲಿಲ್ಲ! ಅಭ್ಯಾಸಬಲದಿಂದ ಬಫರಿಗೆ ಪಿಎಂಎಸ್‌ಎಫ್ ಸುರಿದಿದ್ದೆ. ಪ್ರೋಟೀನು ಹಾಳಾಗದಿರಲಿ ಅಂತ ಹಾಕುವ ಅದು ಪ್ರೋಟೀನು ಕಡಿಯುವ ಸೀರಿನ್ ಪ್ರೋಟಿಯೇಸ್‌ಗಳನ್ನು ಕೊಲ್ಲುತ್ತದೆ. ನಮ್ಮದೂ ಅದೇ ಜಾತಿ ಅಲ್ವಾ. ಅದನ್ನು ಬಿಟ್ಟು ಮತ್ತೆ ಮಾಡಿದೆ. ಫೈಬ್ರಿನ್ ಪ್ಲೇಟನ್ನು 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಅದರಲ್ಲಿ ಬೆರೆತಿರುವ ಪ್ಲಾಸ್ಮಿನೋಜನ್ನನ್ನು ಕೆಡಿಸಿ ಹನಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕಾಣೆ ನಾಣ್ಯದಷ್ಟು ತಿಳಿ ವೃತ್ತ. ಕಿಣ್ವ ತಾನೇ ಕಡಿದದ್ದು.

"ಇದನ್ನು ಇಂಜೆಕ್ಷನ್ ಕೊಡಬಹುದಾ?" ಅಂತ ಮನೆಯವರು ಕೇಳಿದರು. ಬೇಡವೇ ಬೇಡ. ಇ. ಕೋಲಿಯ ಹೊರಪದರದ ಎಂಡೋಟಾಕ್ಸಿನ್ ಎಂಬ ವಿಷ ಇನ್ನೂ ಅದರಲ್ಲೇ ಇರುತ್ತದೆ.

ಈಗಿನ ತಲೆನೋವು ಇಟ್ಟುಕೊಳ್ಳುವುದು. ಈ ಕಿಣ್ವ ತನ್ನನ್ನೇ ತಾನು ತಿನ್ನುತ್ತದೆ. ಒಂದು ರಾತ್ರಿ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿತ್ತು, ಬೆಳಿಗ್ಗೆ ಅರ್ಧಕ್ಕರ್ಧ ಶಕ್ತಿ ಇಳಿದಿತ್ತು. ಅಂದಿನಿಂದ ಗ್ಲಿಸರಾಲ್ ಬೆರೆಸಿ ಪುಟ್ಟ ಪುಟ್ಟ ಟ್ಯೂಬುಗಳಲ್ಲಿ ಮೈನಸ್ 20ರಲ್ಲಿ ಇಡುತ್ತೇನೆ, ಒಮ್ಮೆ ತೆಗೆದದ್ದನ್ನು ಮತ್ತೆ ಒಳಗಿಡುವುದಿಲ್ಲ.